ಕಣ್ಣಿನ ಕ್ಯಾನ್ಸರಿಗೆ ಮದ್ದು ನಾಟದಿರುವುದೇಕೆ?

ಫ್ಲಾಷ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಕಂಡರೆ ಕ್ಯಾಮೆರಾದ ದೋಷವೆಂದು ತಳ್ಳಿಹಾಕಬಾರದು. ರೆಟಿನೋಬ್ಲಾಸ್ಟೋಮ ಎಂಬ ಅಕ್ಷಿಪಟಲದ ಕ್ಯಾನ್ಸರ್ ಹೀಗೆ ಕಾಣಿಸಿಕೊಳ್ಳುವುದುಂಟು. ಸುಮಾರು 15,000ದಿಂದ 20,000 ಜನನಗಳಿಗೆ ಒಂದರಂತೆ, ಬಹುಪಾಲು ಐದು ವರ್ಷದೊಳಗಿನ ಮಕ್ಕಳಿಗೆ ಇದು ಬರುತ್ತದೆ.

ಬೇಗ ಪತ್ತೆಯಾದರೆ ಕಾರ್ಬೋಪ್ಲಾಟಿನ್, ಎಟೊಪೊಸೈಡ್, ವಿನ್‌ಕ್ರಿಸ್ಟಿನ್ ಔಷಧಗಳಿಂದ ಗಡ್ಡೆಯನ್ನು ಕುಗ್ಗಿಸಿ, ಉಳಿದುದನ್ನು ಲೇಸರಿನಿಂದ ಸುಟ್ಟು ಕಣ್ಣನ್ನು ಉಳಿಸಬಹುದು. ಆದರೆ ಕೆಲವು ಗಡ್ಡೆಗಳು ಕುಗ್ಗಿದಂತೆ ತೋರಿ ಮತ್ತೆ ಬೆಳೆಯುತ್ತವೆ. ಆಗ ಮಗುವಿನ ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾಗಬಹುದು.

ಇದಕ್ಕೆ ಒಂದು ಕಾರಣ ಜೀವಕೋಶದಲ್ಲಿಯೇ ಇದೆ. ಕೋಶಪೊರೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್, ಎಟಿಪಿಯ ಶಕ್ತಿ ಬಳಸಿ, ಒಳಬಂದ ಔಷಧವನ್ನು ಪಂಪಿನಂತೆ ಹೊರಹಾಕುತ್ತದೆ. ವಿನ್‌ಕ್ರಿಸ್ಟಿನ್, ಎಟೊಪೊಸೈಡ್‌ಗಳು ಈ ಪಂಪಿಗೆ ಸಿಗುವಂಥವು. ಔಷಧದ ರುಚಿ ಕಂಡ ಮೇಲೆಯೇ ಗಡ್ಡೆ ಇದನ್ನು ಕಲಿಯುತ್ತದೆ ಎನ್ನುವಂತಿಲ್ಲ. ಕಿಮೊಥೆರಪಿ ಪಡೆಯದ ಗಡ್ಡೆಗಳಲ್ಲೂ ಈ ಪ್ರೋಟೀನ್ ಇರುವುದನ್ನು 2004ರಲ್ಲಿ ಚೆನ್ನೈನ ಶಂಕರ ನೇತ್ರಾಲಯದ ಸಂಶೋಧಕರು ವರದಿ ಮಾಡಿದರು.

ಭೌತಶಾಸ್ತ್ರದವನಾದ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಎರಡನೆಯ ಕಾರಣ. ಗಡ್ಡೆಯಿಂದ ಉದುರಿದ ಕೋಶಗಳು ಕಣ್ಣುಗುಡ್ಡೆಯನ್ನು ತುಂಬಿರುವ ವಿಟ್ರಿಯಸ್ ಎಂಬ ಪಾರದರ್ಶಕ ಲೋಳೆಯಲ್ಲಿ ಬೀಜಗಳಂತೆ ತೇಲುತ್ತವೆ. ಅಲ್ಲಿ ರಕ್ತನಾಳಗಳಿಲ್ಲ. ರಕ್ತದ ಮೂಲಕ ಬರುವ ಔಷಧ ಅಕ್ಷಿಪಟಲದ ತಡೆಯನ್ನು ದಾಟಿ, ಮುಂದೆ ಬಹುಮಟ್ಟಿಗೆ ವಿಸರಣೆಯಿಂದಲೇ ಸಾಗಬೇಕು. ವಿಸರಣೆಗೆ ಬೇಕಾಗುವ ಕಾಲವೋ ದೂರದ ವರ್ಗಕ್ಕೆ ಅನುಪಾತದಲ್ಲಿದೆ: ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು. ಅಷ್ಟರಲ್ಲಿ ದೇಹ ಔಷಧವನ್ನು ವಿಸರ್ಜಿಸಿರುತ್ತದೆ. ಸಾಲದುದಕ್ಕೆ, ಗುಂಪುಗೂಡಿದ ಬೀಜದ ನಡುವಿನ ಕೋಶಗಳು ಆಮ್ಲಜನಕ ಸಾಲದೆ ವಿಭಜನೆಯನ್ನು ನಿಧಾನಿಸುತ್ತವೆ. ವಿಭಜಿಸುವ ಕೋಶಗಳನ್ನೇ ಹೆಚ್ಚಾಗಿ ಕೊಲ್ಲುವ ಮದ್ದಿನಿಂದ ಪಾರಾಗುತ್ತವೆ. ಇದನ್ನು ನಿರೋಧ ಎನ್ನುವುದಕ್ಕಿಂತ ಅಡಗುತಾಣದ ಲಾಭ ಎನ್ನಬೇಕು.

ಹಾಗಾದರೆ ಮದ್ದನ್ನು ನೇರವಾಗಿ ಕಣ್ಣಿಗೇ ಚುಚ್ಚಬಾರದೆ? ಸೂಜಿಯ ಹಾದಿಯಲ್ಲಿ ಕ್ಯಾನ್ಸರ್ ಕೋಶಗಳು ಹೊರಬಂದಾವೆಂಬ ಭಯ ವೈದ್ಯರನ್ನು ಬಹುಕಾಲ ತಡೆದಿತ್ತು. ಕಣ್ಣಿನ ಮುಂಭಾಗದಿಂದ ಸ್ವಲ್ಪ ದ್ರವ ತೆಗೆದು ಒತ್ತಡ ಇಳಿಸುವುದು, ಚುಚ್ಚಿದ ಜಾಗವನ್ನು ಹೆಪ್ಪುಗಟ್ಟಿಸುವುದು - ಈ ಎಚ್ಚರಿಕೆಗಳೊಂದಿಗೆ ಮೆಲ್ಫಲಾನ್ ಚುಚ್ಚುವ ಕ್ರಮವನ್ನು ಸ್ವಿಟ್ಜರ್ಲೆಂಡಿನ ಫ್ರಾನ್ಸಿಸ್ ಮುನಿಯೆ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಬೇಕಾಗುವ ಮದ್ದು 20-30 ಮೈಕ್ರೊಗ್ರಾಂ ಮಾತ್ರ!

ಅದೇ ಭಯದಿಂದ ಈ ಗಡ್ಡೆಯ ಚೂರನ್ನೂ ಪರೀಕ್ಷೆಗೆ ತೆಗೆಯುವುದಿಲ್ಲ. ನಮ್ಮ ರಾಜಾಜಿನಗರದಲ್ಲಿ ಕಾಣುವ ನಾರಾಯಣ ನೇತ್ರಾಲಯದ ಪ್ರತಿಷ್ಠಾನದ ಸಂಶೋಧಕರು, ಮುಂದುವರಿದ ಮತ್ತು ಅಷ್ಟು ಮುಂದುವರಿಯದ ಗಡ್ಡೆಗಳನ್ನೂ ಅವುಗಳ ಸುತ್ತಲಿನ ವಿಟ್ರಿಯಸ್ಸನ್ನೂ ಹೋಲಿಸಿ, ಚಯಾಪಚಯದ ವ್ಯತ್ಯಾಸಗಳನ್ನು 2022ರಲ್ಲಿ ಪ್ರಕಟಿಸಿದರು. ಇಂಥ ಅಧ್ಯಯನಕ್ಕೆ ಗಡ್ಡೆ ಸಿಗುವುದು ಉಳಿಸಲಾಗದೆ ತೆಗೆದ ಕಣ್ಣುಗಳಿಂದ. ಒತ್ತಡ ಇಳಿಸಲು ತೆಗೆದ ಆ ಹನಿ ದ್ರವದಲ್ಲಿಯೂ ಗಡ್ಡೆಯ ಡಿಎನ್‌ಎ ಇರುತ್ತದೆಂದು 2017ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ತಿಳಿದುಬಂದ ಮೇಲೆ, ಇನ್ನೂ ಮಗುವಿನಲ್ಲೇ ಇರುವ ಕಣ್ಣನ್ನು ಪರೀಕ್ಷಿಸುವ ದಾರಿ ತೆರೆದಿದೆ.