ಅತ್ತೆಗೆ ಒಗ್ಗದ ಗುಳಿಗಿ

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಲ್ಲಿ ಒಂದು ಮನೆ ಅಂತ ತಿಳಿಯಿರಿ. ಮನೆಯಲ್ಲಿ ಅತ್ತೆ, ಮಾವ, ಮಗ, ಸೊಸೆ. ಎರಿ ಹೊಲದಲ್ಲಿ ಹತ್ತಿ, ಹೆಸರು, ಕಡಲೆ ಬೆಳೆಯುತ್ತಾರೆ. ಅತ್ತೆಗೆ ಅರವತ್ತು ದಾಟಿದೆ. ಕೂತು ಕಸ ತೆಗೆದು ತೆಗೆದು ಮೊಣಕಾಲು ಹಿಡಿದಿವೆ.

ಒಂದು ದಿನ ನೋವು ತಡೆಯದೆ ಅತ್ತೆ ಒಂದು ಖಾಸಗಿ ದವಾಖಾನೆಗೆ ಹೋದಳು. ಸಂಗಡ ಸೊಸೆಯೂ ಇದ್ದಳು.

“ಒಂದು ಸೂಜಿ ಮಾಡ್ರಿ ಸಾಹೇಬ್ರ, ನಾಳಿ ಹೊಲಕ್ಕ ಹೋಗಬೇಕು” ಅಂದಳು ಅತ್ತೆ.

ಸೂಜಿ ಮಾಡಿದರು. ಅತ್ತೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಹತ್ತು ನಿಮಿಷವೂ ಆಗಿರಲಿಲ್ಲ. ಅಂಗೈ ತುರಿಸಲು ಹತ್ತಿತು. ಮೈಮೇಲೆ ದದ್ದು ಎದ್ದವು. ತುಟಿ ಬಾತವು. ಗಂಟಲು ಬಿಗಿಯಿತು. “ಉಸುರ ಆಡವಲ್ಲದು” ಅನ್ನುತ್ತ ಅತ್ತೆ ವಾಲಿದಳು. ಸೊಸೆ ಕೂಗಿಕೊಂಡಳು. ಡಾಕ್ಟರು ಓಡಿ ಬಂದು ತೊಡೆಗೆ ಅಡ್ರಿನಾಲಿನ್ ಎಂಬ ಸೂಜಿ ಮಾಡಿದರು. 108 ಗಾಡಿ ಬಂತು. ಒಂದು ರಾತ್ರಿ ದೊಡ್ಡ ದವಾಖಾನೆಯಲ್ಲಿ ಇಟ್ಟುಕೊಂಡರು. ಅತ್ತೆ ಉಳಿದಳು.

ಮನೆಗೆ ಬಂದ ಮೇಲೆ ಓಣಿಯ ಮಂದಿ ನೋಡಲು ಬಂದರು. ಒಬ್ಬರು “ಸೂಜಿ ನಂಜಾತು” ಅಂದರು. ಇನ್ನೊಬ್ಬರು “ದೃಷ್ಟಿ ತಗಲೇತಿ, ಇಳಿ ತೆಗೀರಿ” ಅಂದರು. ಆದರೆ ಯಾವ ಸೂಜಿ ಅಂತ ಒಬ್ಬರೂ ಕೇಳಲಿಲ್ಲ. ಡಾಕ್ಟರು ಹೆಸರು ಹೇಳಿದ್ದರು. ಗಾಬರಿಯಲ್ಲಿ ಯಾರೂ ನೆನಪಿಟ್ಟಿರಲಿಲ್ಲ.

ಸೊಸೆ ರಾತ್ರಿ ಶಾಲೆಯಲ್ಲಿ ಓದು ಬರಹ ಕಲಿತವಳು. ಮರುದಿನ ಮತ್ತೆ ದವಾಖಾನೆಗೆ ಹೋದಳು. “ಅದರ ಹೆಸರು ಬರದ ಕೊಡ್ರಿ” ಎಂದಳು. ಡಾಕ್ಟರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಟ್ಟರು. ಡೈಕ್ಲೋಫೆನಾಕ್. ನೋವಿಗೆ ಕೊಡುವ ಔಷಧ. ದಿನಾ ಸಾವಿರಾರು ಮಂದಿ ತೆಗೆದುಕೊಳ್ಳುತ್ತಾರೆ. ಅವರಿಗೆ ಒಗ್ಗುತ್ತದೆ. ಅತ್ತೆಗೆ ಒಗ್ಗಲಿಲ್ಲ.

ಹೀಗೇಕೆ ಆಗುತ್ತದೆ? ನಮ್ಮ ಮೈಯೊಳಗೆ ರೋಗದ ಜೊತೆ ಹೋರಾಡುವ ಒಂದು ಕಾವಲು ಇದೆ. ಕೆಲವರ ಮೈಯಲ್ಲಿ ಈ ಕಾವಲು ತಪ್ಪು ತಿಳಿಯುತ್ತದೆ. ಮನೆಯ ನಾಯಿ ಕಳ್ಳನನ್ನು ಬಿಟ್ಟು ಬೀಗರ ಮೇಲೆ ಹಾರಿದ ಹಾಗೆ. ಮೊದಲ ಸಲ ಔಷಧ ಸುಮ್ಮನೆ ಒಳಗೆ ಹೋಗಿರಬಹುದು. ಮುಂದೊಂದು ಸಲ ಕಾವಲು ಎದ್ದು ನಿಲ್ಲುತ್ತದೆ. ಆದ್ದರಿಂದ “ಮೊದಲ ತಗೊಂಡೇನಿ, ಏನೂ ಆಗಿಲ್ಲ” ಎಂಬ ಮಾತನ್ನು ಪೂರ್ತಿ ನಂಬಬಾರದು. ಇದನ್ನೇ ಅಲರ್ಜಿ ಎನ್ನುತ್ತಾರೆ.

ಪೆನಿಸಿಲಿನ್ ಬಳಗದ ಔಷಧ, ಸಲ್ಫಾ ಗುಳಿಗಿ, ನೋವಿನ ಗುಳಿಗಿ, ಇವು ಹೀಗೆ ಮಾಡುವುದು ಹೆಚ್ಚು. ಸೂಜಿಯಾದರೆ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಸೂಜಿ ಮಾಡಿಸಿಕೊಂಡು ಕೂಡಲೇ ಬಸ್ಸು ಹತ್ತಬೇಡಿ. ಅರ್ಧ ತಾಸು ದವಾಖಾನೆಯಲ್ಲೇ ಕೂಡಿರಿ. ಮೈ ಬಾತು ಉಸಿರು ಹಿಡಿದವರನ್ನು ನಡೆಸಬೇಡಿ. ಮಲಗಿಸಿ ಕಾಲು ಎತ್ತರದಲ್ಲಿ ಇಡಿ. ಉಸಿರು ಆಡದಿದ್ದರೆ ಒರಗಿಸಿ ಕೂಡಿಸಿ. ನೀರು ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ. ಸುಧಾರಿಸಿದರೂ ಮನೆಗೆ ಕರೆದುಕೊಂಡು ಹೋಗಲು ಅವಸರ ಮಾಡಬೇಡಿ. ಕೆಲವು ತಾಸಿನ ಮೇಲೆ ಮತ್ತೆ ಬರಬಹುದು.

ಇನ್ನೊಂದು ಬಗೆ ಇದೆ. ಅದು ನಿಧಾನ. ಗುಳಿಗಿ ಶುರು ಮಾಡಿ ಕೆಲವು ದಿನ, ಕೆಲವು ವಾರ ಆದ ಮೇಲೆ ಜ್ವರ, ಕೆಂಪು ಕಲೆ, ಬಾಯಲ್ಲಿ ಹುಣ್ಣು, ಕೆಂಗಣ್ಣು ಬರುತ್ತದೆ. ಚರ್ಮ ಸುಟ್ಟವರ ಹಾಗೆ ಸುಲಿಯುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಗುಳಿಗಿಯಿಂದ ಕೆಲವರಿಗೆ ಹೀಗೆ ಆಗುತ್ತದೆ. ಇದನ್ನು ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿ ಕೂಡುವಂತಿಲ್ಲ. ಗುಳಿಗಿಯ ಚೀಟಿ ಹಿಡಿದು ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಮ್ಮ ಕಡೆಯವರಿಗೆ ಧಾರವಾಡದ ಜಿಲ್ಲಾ ಆಸ್ಪತ್ರೆ ಇದೆ. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದು ಕರೆಯುವ ಸರಕಾರಿ ಆಸ್ಪತ್ರೆ ಇದೆ.

ಈಗ ಹೆಸರಿನ ಮಾತಿಗೆ ಬರೋಣ. ಕಷ್ಟ ಇರುವುದೇ ಇಲ್ಲಿ. ಔಷಧಕ್ಕೆ ಎರಡು ಹೆಸರು. ಒಂದು ಕಂಪನಿ ಇಟ್ಟ ಹೆಸರು. ಇನ್ನೊಂದು ಒಳಗಿರುವ ಔಷಧದ ನಿಜ ಹೆಸರು. ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ. ವೋವೆರಾನ್ ಅಂದರೂ ಒಳಗೆ ಡೈಕ್ಲೋಫೆನಾಕ್. ಬ್ರೂಫೆನ್ ಒಳಗೂ ಕಾಂಬಿಫ್ಲಾಮ್ ಒಳಗೂ ಐಬುಪ್ರೊಫೇನ್ ಇದೆ. ಬಣ್ಣ ಬೇರೆ, ಪೊಟ್ಟಣ ಬೇರೆ, ಹೆಸರು ಬೇರೆ, ಒಳಗಿನದು ಒಂದೇ. “ಆ ಕೆಂಪು ಗುಳಿಗಿ ಒಗ್ಗಂಗಿಲ್ರಿ” ಎಂದರೆ ಡಾಕ್ಟರಿಗೆ ಏನು ತಿಳಿದೀತು?

ಔಷಧಗಳಿಗೂ ಬಳಗ ಇದೆ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಒಂದೇ ಬಳಗ. ಆಂಪಿಸಿಲಿನ್, ಅಮಾಕ್ಸಿಸಿಲಿನ್ ಪೆನಿಸಿಲಿನ್ ಬಳಗ. ಒಂದು ಒಗ್ಗದಿದ್ದರೆ ಅದರ ಬಳಗದ್ದೂ ಒಗ್ಗದೆ ಇರಬಹುದು. ಇದನ್ನು ತೀರ್ಮಾನಿಸುವವರು ಡಾಕ್ಟರು. ನಿಮ್ಮ ಕೆಲಸ ಹೆಸರು ಹೇಳುವುದು.

ಸೊಸೆ ಒಂದು ಚೀಟಿ ಬರೆದಳು. ಅದರಲ್ಲಿ ಅತ್ತೆಯ ಹೆಸರು, ವಯಸ್ಸು. ಒಗ್ಗದ ಔಷಧ ಡೈಕ್ಲೋಫೆನಾಕ್. ಅದರ ಕೆಳಗೆ ಇಂಗ್ಲಿಷ್ ಅಕ್ಷರ. ಹತ್ತು ನಿಮಿಷದಲ್ಲಿ ದದ್ದು ಎದ್ದು, ತುಟಿ ಬಾತು, ಉಸಿರು ಹಿಡಿಯಿತು ಎಂದು ಬರೆದಳು. ಯಾವ ತಿಂಗಳು, ಯಾವ ವರ್ಷ, ದಿನಾ ನುಂಗುವ ಬಿಪಿ ಗುಳಿಗಿ ಯಾವುದು, ಮನೆಯ ಫೋನ್ ನಂಬರು ಎಷ್ಟು, ಎಲ್ಲ ಬರೆದಳು. ಇಂಗ್ಲಿಷ್ ಓದಲು ಅವಳಿಗೂ ಬರುವುದಿಲ್ಲ. ಆದರೆ ಚೀಟಿಯ ಅಕ್ಷರವನ್ನು ಗುಳಿಗಿ ಪೊಟ್ಟಣದ ಅಕ್ಷರದ ಜೊತೆ ಹಿಡಿದು ಒಂದೊಂದಾಗಿ ಹೋಲಿಸಿ ನೋಡಬಹುದಲ್ಲ! ಅಂಗಡಿಯವರು ನಾಲ್ಕು ಗುಳಿಗಿ ಕತ್ತರಿಸಿ ಕೊಡುವಾಗ ಹೆಸರಿರುವ ತುಂಡನ್ನೇ ಕೇಳಿ ಪಡೆಯಿರಿ.

ಮುಂದಿನ ವರ್ಷ ಅತ್ತೆಗೆ ಹಲ್ಲು ನೋವು ಬಂತು. ಧಾರವಾಡಕ್ಕೆ ಹೋದರು. ದವಾಖಾನೆಯಲ್ಲಿ ಗದ್ದಲ. ಡಾಕ್ಟರು ಹಲ್ಲು ನೋಡಿದರು. ಸರಸರ ಚೀಟಿ ಬರೆದರು. “ಮುಂದಿನವರು ಬರ್ರಿ” ಎಂದರು. ಅತ್ತೆ ಎದ್ದಳು. ಸೊಸೆ ಏಳಲಿಲ್ಲ. ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ದೊಡ್ಡ ಡಾಕ್ಟರಿಗೆ ಎದುರು ಮಾತಾಡಿದ ಹಾಗೆ ಆಗುತ್ತದೇನೋ ಎಂಬ ಅಂಜಿಕೆ.

“ಸರ್ರೀ, ನಮ್ಮತ್ತಿಗೆ ಡೈಕ್ಲೋಫೆನಾಕ್ ಒಗ್ಗಂಗಿಲ್ರಿ. ಹ್ವಾದ ವರ್ಷ ಸೂಜಿ ಮಾಡಿದ ಕೂಡ್ಲೆ ಮಾರಿ ಬಾತು, ಉಸುರು ಹಿಡದಿತ್ರಿ. ಈ ಗುಳಿಗ್ಯಾಗ ಅದು ಐತೇನ್ರಿ?”

ಡಾಕ್ಟರು ಚೀಟಿ ಇಸಕೊಂಡು ಓದಿದರು. ತಾವು ಬರೆದದ್ದನ್ನು ಮತ್ತೆ ನೋಡಿದರು. ಅವರು ಬರೆದದ್ದು ಅಸೆಕ್ಲೋಫೆನಾಕ್. ಅದೇ ಬಳಗದ್ದು. ಅದನ್ನು ಹೊಡೆದು ಹಾಕಿ ಬರೀ ಪ್ಯಾರಾಸಿಟಮಾಲ್ ಬರೆದರು. “ಮೊದಲ ಹೇಳಬೇಕಲ್ಲವಾ ತಂಗಿ” ಅಂದರು.

ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಕೇಳುವುದು ಡಾಕ್ಟರ ಕೆಲಸವೇ. ಆದರೆ ಗದ್ದಲದಲ್ಲಿ ಮರೆತಾರು. ಹೇಳುವುದು ಎದುರು ಮಾತಲ್ಲ. ನೋವಿನಲ್ಲಿ ಇದ್ದವರಿಗೆ ಮಾತು ಬರುವುದಿಲ್ಲ. ಸಂಗಡ ಹೋದವರೇ ಮಾತಾಡಬೇಕು.

ಹಾಗಂತ ಎಲ್ಲವನ್ನೂ ಅಲರ್ಜಿ ಎನ್ನಬೇಡಿ. ಗುಳಿಗಿ ನುಂಗಿ ಹೊಟ್ಟೆ ಉರಿಯಿತು, ಎರಡು ಸಲ ಭೇದಿ ಆಯಿತು, ತಲೆ ತಿರುಗಿತು. ಇವು ಬಹಳ ಸಲ ಅಲರ್ಜಿ ಅಲ್ಲ, ಅಡ್ಡ ಪರಿಣಾಮ. ಸುಮ್ಮನೆ “ಪೆನಿಸಿಲಿನ್ ಒಗ್ಗಂಗಿಲ್ಲ” ಎಂದು ಬರೆಸಿಕೊಂಡರೆ ಮುಂದೆ ಒಂದು ಒಳ್ಳೆಯ ಔಷಧ ಕೈ ತಪ್ಪುತ್ತದೆ. ಅದಕ್ಕೇ ಚೀಟಿಯಲ್ಲಿ “ಏನಾಯಿತು” ಎಂಬುದು ಮುಖ್ಯ.

ಔಷಧ ಒಂದೇ ಅಲ್ಲ, ಮನೆಯೊಳಗಿನ ರಾಸಾಯನಿಕವೂ ಕೆಲವರಿಗೆ ಒಗ್ಗುವುದಿಲ್ಲ. ಕೂದಲಿಗೆ ಹಚ್ಚುವ ಕರಿ ಬಣ್ಣ ನೋಡಿ. ಅದರಲ್ಲಿ ಪಿಪಿಡಿ ಎಂಬ ವಸ್ತು ಇರುತ್ತದೆ. ಮದುವೆಗೆ ಹೊರಟ ಮಾವ ರಾತ್ರಿ ಬಣ್ಣ ಹಚ್ಚಿಕೊಂಡ, ಬೆಳಗಾದರೆ ಕಣ್ಣು ಮುಚ್ಚುವ ಹಾಗೆ ಮಾರಿ ಬಾತಿತ್ತು! ಎರಡು ದಿನ ಮೊದಲೇ ಸ್ವಲ್ಪ ಹಚ್ಚಿ ನೋಡಿ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಓದುವವರು ಯಾರು? ಉಬ್ಬಸ ಇರುವವರಿಗೆ ಸೊಳ್ಳೆ ಬತ್ತಿಯ ಹೊಗೆ, ಊದುಬತ್ತಿ ಸಹ ತ್ರಾಸ ಕೊಡುತ್ತವೆ. “ಎಲ್ಲಾರಿಗೂ ಇಲ್ಲದ್ದು ನಿನಗೊಬ್ಬಾಕಿಗೇನು?” ಎಂದು ಬೈಯುವುದು ಸರಿಯಲ್ಲ. ಬತ್ತಿ ಬಿಟ್ಟು ಪರದೆ ಕಟ್ಟಿದರಾಯಿತು.

ಹೊಲಕ್ಕೆ ಹೊಡೆಯುವ ಎಣ್ಣೆಯ ಮಾತು ಬೇರೆ. ಅದು ಎಲ್ಲರಿಗೂ ವಿಷವೇ. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದೆ. ಕೆಂಪು ಎಂದರೆ ಅತಿ ವಿಷ. ಹಸಿರು ಎಂದರೆ ವಿಷವೇ ಇಲ್ಲ ಎಂದಲ್ಲ, ಕಡಿಮೆ ಎಂದು. ಎಣ್ಣೆ ಹೊಡೆಯುವ ದಿನ ಉಬ್ಬಸದವರು, ಬಸುರಿಯರು, ಮಕ್ಕಳು ಆ ಹೊಲದ ಕಡೆ ಹೋಗಬಾರದು. ತ್ರಾಸ ಆದರೆ ಡಬ್ಬಿಯನ್ನೂ ದವಾಖಾನೆಗೆ ಒಯ್ಯಿರಿ. ಇಲ್ಲೂ ಹೆಸರೇ ಮುಖ್ಯ.

ಕಾಸರಗೋಡು ಜಿಲ್ಲೆಯ ಪಡ್ರೆ ಎಂಬ ಊರಲ್ಲಿ ಕನ್ನಡ ಮಾತಾಡುವವರು ಬಹಳ. ಅಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದು ನಡೆಯಿತು. ಊರಿನ ಡಾಕ್ಟರು ವೈ. ಎಸ್. ಮೋಹನಕುಮಾರ ಅವರು ರೋಗಗಳು ಹೆಚ್ಚಿದ್ದನ್ನು ಗಮನಿಸಿ ಬರೆದರು. ಮನೆಮನೆಯವರು ಬಾಯಿ ಬಿಟ್ಟರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಆ ಎಣ್ಣೆಯನ್ನು ನಿಲ್ಲಿಸಿತು.

ಔಷಧದಿಂದ ತೊಂದರೆ ಆದರೆ ನೀವೂ ತಿಳಿಸಬಹುದು. 2010ರಿಂದ ಸರಕಾರ ಇದಕ್ಕಾಗಿಯೇ ಒಂದು ವ್ಯವಸ್ಥೆ ಮಾಡಿದೆ. 1800-180-3024 ನಂಬರಿಗೆ ಕೆಲಸದ ದಿನಗಳಲ್ಲಿ ಫೋನ್ ಮಾಡಬಹುದು. ದುಡ್ಡು ಬೀಳುವುದಿಲ್ಲ. ಮುಟ್ಟಿನ ಹೊಟ್ಟೆನೋವಿಗೆ ಬಹಳ ಹೆಣ್ಣುಮಕ್ಕಳು ನುಂಗುವ ಮೆಫೆನಾಮಿಕ್ ಆಸಿಡ್ ಗೊತ್ತಲ್ಲ? ಅದರಿಂದ ಕೆಲವರಿಗೆ ಜ್ವರ, ದದ್ದು ಬರುವ ಭಾರೀ ಅಲರ್ಜಿ ಆಗಬಹುದು. ಹೀಗೆ ಬಂದ ವರದಿಗಳನ್ನು ನೋಡಿಯೇ 2023ರ ನವೆಂಬರಿನಲ್ಲಿ ಆ ಎಚ್ಚರಿಕೆ ಹೊರಟಿತು.

ಅತ್ತೆಯ ಚೀಟಿ ಈಗ ಎಲ್ಲಿದೆ ಗೊತ್ತೇ? ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅವಳ ಎಲೆ ಅಡಿಕೆ ಚೀಲದಲ್ಲಿದೆ. ಆ ಚೀಲ ಬಿಟ್ಟು ಅತ್ತೆ ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಚೀಟಿ ಬಾಗಿಲ ಹಿಂದೆ ಅಂಟಿಸಿದೆ. ಅದನ್ನು ಬರೆಯುವಾಗ ಅತ್ತೆ ಪಕ್ಕದಲ್ಲೇ ಕೂತಿದ್ದಳು.

“ಯಾವ ಅಕ್ಷರ ಅದು, ಮೊದಲಿಂದು?”

“ಡೈ ಅಂತ್ರಿ ಅತ್ತಿ.”

“ಹಂಗಾದ್ರ ಅದೊಂದು ನನಗ ಕಲಸು” ಎಂದಳು ಅತ್ತೆ.