ನಡುವೆ ಹಸಿ ಉಳಿದ ಪಿಜ್ಜಾ

ಹಂಪಿಯ ಎದುರು, ತುಂಗಭದ್ರೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರಿಗಾಗಿ ಪಿಜ್ಜಾ ಬೇಯುತ್ತಿದ್ದ ಕಾಲವೊಂದಿತ್ತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, ಮಾರ್ಚಿಯಲ್ಲಿ ಅಲ್ಲಿನ ರೆಸಾರ್ಟುಗಳು ನೆಲಸಮವಾದವು. ಪಿಜ್ಜಾ ಮಾತ್ರ ನಮ್ಮ ಪಟ್ಟಣಗಳ ಮನೆಬಾಗಿಲಿಗೇ ಬಂದಿದೆ. ಅದರ ಹಿಂದೆಯೇ ದೂರುಗಳೂ ಬಂದಿವೆ.

ಮೇಲಿನ ಚೀಸ್ ಕೆಂಪಗಾಗಿದ್ದರೂ ನಡುವೆ ಹಿಟ್ಟು ಹಸಿಯಾಗಿರುವುದುಂಟು. ಓವನ್ನಿನ ತಳ ಚೆನ್ನಾಗಿ ಕಾಯುವ ಮುನ್ನವೇ ಇಟ್ಟುದರ ಫಲವದು. ರೊಟ್ಟಿಯ ಹಂಚನ್ನು ಬಲ್ಲ ನಮ್ಮ ತಾಯಂದಿರಿಗೆ ಇದನ್ನು ಹೇಳಬೇಕಿಲ್ಲ! ಅಂಗಡಿ ನಡೆಸುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ: ಗಿರಾಕಿಯೊಡನೆ ವಾದಕ್ಕಿಳಿಯದೆ ಬೇರೊಂದನ್ನು ಬೇಯಿಸಿ ಕಳುಹಿಸಿರಿ, ಇಲ್ಲವೆ ಹಣ ಹಿಂದಿರುಗಿಸಿರಿ. ಆ ಹಣವನ್ನು ತಂದುಕೊಟ್ಟ ಹುಡುಗನ ಸಂಬಳದಲ್ಲಿ ಮುರಿದುಕೊಳ್ಳಬೇಡಿರಿ, ಬೇಯಿಸಿದವನು ಅವನಲ್ಲ. ಕೊಂಡವರು ರಸೀದಿಯನ್ನೂ ಹಸಿ ತುಂಡಿನ ಚಿತ್ರವನ್ನೂ ಕಾಯ್ದಿಡಲಿ. ಅಂಗಡಿಯವರು ಕಿವಿಗೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.