ಮಂಗನ ಕಾಯಿಲೆಯ ಲಸಿಕೆ ಮತ್ತು ಸಿ. ಎನ್. ದಂಡವತೆಯವರ ಸಂಶೋಧನೆ

ಸಕಲೇಶಪುರ, ಆಲೂರು ಗುಡ್ಡಸೀಮೆಯ ಬಡಗಣ ಅಂಚಿಗೆ ಚಿಕ್ಕಮಗಳೂರು ಜಿಲ್ಲೆಯ ಕಾಡುಗಳು ತಾಗಿಕೊಂಡಿವೆ. ಮಂಗನ ಕಾಯಿಲೆಯ ಲಸಿಕೆಯ ಚರಿತ್ರೆ ನಮಗೆ ದೂರದ್ದಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋದವರು ಜ್ವರದಿಂದ ಮಲಗಿದರು. ಉಣುಗಿನಿಂದ ಹರಡುವ ಹೊಸ ವೈರಸ್ಸೇ ಇದಕ್ಕೆ ಕಾರಣವೆಂದು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಕಂಡುಹಿಡಿದರು. ಇದೇ ಬಳಗದ ರಷ್ಯಾದ ಮಿದುಳುಜ್ವರಕ್ಕೆಂದು ಇಲಿಯ ಮಿದುಳಿನಿಂದ ಮಾಡಿದ್ದ ಲಸಿಕೆಯನ್ನು ಮೊದಲು ಪ್ರಯೋಗಿಸಲಾಯಿತು. ಅದು ರಕ್ಷಣೆ ನೀಡಲಿಲ್ಲ.

ಬಳಿಕ ದಂಡವತೆ ಮತ್ತು ಅವರ ಸಹೋದ್ಯೋಗಿಗಳು ಬೇರೆ ದಾರಿ ಹಿಡಿದರು. ಕೋಳಿಮೊಟ್ಟೆಯ ಭ್ರೂಣದಿಂದ ತೆಗೆದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್ನಿನಿಂದ ಅದನ್ನು ನಿರ್ಜೀವಗೊಳಿಸಿದರು. ಸತ್ತ ವೈರಸ್ಸು ರೋಗವನ್ನು ತರಲಾರದು. ಆದರೂ ಶರೀರವು ಅದರ ಗುರುತು ಹಿಡಿದು ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಮನುಷ್ಯರ ರಕ್ತದಲ್ಲಿ ಇವು ಮೂಡುವುದನ್ನು ಪರೀಕ್ಷಿಸಿದ ಲೇಖನ 1969ರಲ್ಲಿ ಹೊರಬಂದಿತು. ಮೂರು ಜಿಲ್ಲೆಗಳ ಕ್ಷೇತ್ರಪರೀಕ್ಷೆಯ ವರದಿಗೆ ಓದುಗರು 1994ರವರೆಗೆ ಕಾಯಬೇಕಾಯಿತು. ಒಂದೇ ಲಸಿಕೆಯ ಬೆನ್ನು ಹಿಡಿದು ಕಾಲು ಶತಮಾನ! ಒಮ್ಮೆ ಹಾಕಿಸಿಕೊಂಡವರಲ್ಲಿ ಶೇಕಡ 79.3ರಷ್ಟು, ಎರಡು ಬಾರಿ ಹಾಕಿಸಿಕೊಂಡವರಲ್ಲಿ 93.5ರಷ್ಟು ರಕ್ಷಣೆ ಕಂಡುಬಂದಿತು.

2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಬಾರಿಯ ಲಸಿಕೆಯ ರಕ್ಷಣೆ ಶೇಕಡ 62.4ಕ್ಕೆ ಇಳಿದಿತ್ತು. ಈ ಇಳಿತವನ್ನು ಸಂಶೋಧಕರ ಸೋಲೆಂದು ಎಣಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಪ್ರಯೋಗಶಾಲೆಯಲ್ಲಿ ಸಿದ್ಧವಾದ ಸತ್ತ್ವವನ್ನು ವರ್ಷವರ್ಷವೂ ಸೀಸೆಯಲ್ಲಿ ಉಳಿಸಿಕೊಳ್ಳುವುದು ಬೇರೆಯದೇ ಕೆಲಸ. ಸತ್ತ್ವ ಸಾಲದೆಂಬ ಕಾರಣದಿಂದ 2022ರಲ್ಲಿ ಆ ಲಸಿಕೆಯನ್ನು ಹಾಕುವುದು ನಿಂತುಹೋಯಿತು.